ಮೆಲನೇಷ್ಯದ ಮರದ ಮೂರ್ತಿಗಳು: ಹಳೆಯದು ಮಾತ್ರ ಅಸಲಿಯೇ?

ನ್ಯೂಗಿನಿಯಿಂದ ಫಿಜಿಯವರೆಗೆ ಪೆಸಿಫಿಕ್ ಸಾಗರದಲ್ಲಿ ಹರಡಿರುವ ದ್ವೀಪಗಳ ಸಾಲೇ ಮೆಲನೇಷ್ಯ. ಅಲ್ಲಿನ ಮರದ ಕೆತ್ತನೆಗಳಿಗೆ ಜಗತ್ತಿನೆಲ್ಲೆಡೆ ಸಂಗ್ರಾಹಕರಿದ್ದಾರೆ. ಅವರಲ್ಲಿ ಹಲವರು ನಂಬಿಕೊಂಡು ಬಂದಿರುವ ಕೆಲವು ಮಾತುಗಳನ್ನು ತಿದ್ದಲೇಬೇಕಿದೆ.

ತಪ್ಪು ಕಲ್ಪನೆ: ಮೂರ್ತಿ ಹಳೆಯದಾದಷ್ಟೂ ಅಸಲಿ.
ಸತ್ಯ: ನ್ಯೂ ಐರ್ಲೆಂಡ್ ದ್ವೀಪದ 'ಮಲಂಗನ್' ಕೆತ್ತನೆಗಳು ಸತ್ತವರ ನೆನಪಿನ ವಿಧಿಗಾಗಿ ಹುಟ್ಟುತ್ತವೆ. ಸಿದ್ಧತೆಗೆ ತಿಂಗಳುಗಳೇ ಹಿಡಿದರೂ ಪ್ರದರ್ಶನ ಅಲ್ಪಕಾಲದ್ದು. ವಿಧಿ ಮುಗಿದ ಮೇಲೆ ಅವನ್ನು ಸುಡುತ್ತಿದ್ದರು, ಕೊಳೆಯಲು ಬಿಡುತ್ತಿದ್ದರು ಇಲ್ಲವೇ ಹೊರಗಿನವರಿಗೆ ಮಾರುತ್ತಿದ್ದರು. ಯುರೋಪಿನ ಮ್ಯೂಸಿಯಂಗಳಿಗೆ ಅಷ್ಟೊಂದು ಮಲಂಗನ್‌ಗಳು ಸೇರಿದ್ದಕ್ಕೆ ಇದೂ ಒಂದು ಕಾರಣ. ನ್ಯೂಗಿನಿಯ ಅಸ್ಮತ್ ಜನರೂ ತಮ್ಮ ಎತ್ತರದ 'ಬಿಸ್' ಕಂಬಗಳನ್ನು ಹಬ್ಬದ ನಂತರ ಸಾಗೋ ತಾಳೆಯ ತೋಪಿನಲ್ಲಿ ಮಣ್ಣಾಗಲು ಬಿಡುತ್ತಿದ್ದರು.

ತಪ್ಪು ಕಲ್ಪನೆ: ಇವೆಲ್ಲವೂ ಪೂಜೆಯ ವಿಗ್ರಹಗಳು.
ಸತ್ಯ: ಒಂದೊಂದು ಮೂರ್ತಿಗೂ ಒಂದೊಂದು ಕೆಲಸ. ಸಾಲೊಮನ್ ದ್ವೀಪಗಳ 'ನುಜುನುಜು' ಯುದ್ಧದೋಣಿಯ ಮುಂತುದಿಯಲ್ಲಿ, ನೀರಿನ ಮಟ್ಟಕ್ಕೆ ಹತ್ತಿರದಲ್ಲಿ ಕಟ್ಟುತ್ತಿದ್ದ ಕಾವಲಿನ ತಲೆ. ಕರಿಬಣ್ಣದ ಆ ಮುಖಕ್ಕೆ ಹೊಳೆಯುವ ಚಿಪ್ಪಿನ ತುಣುಕುಗಳನ್ನು ಕೂರಿಸುತ್ತಿದ್ದರು. ಇಂದು ಅದು ಆ ದೇಶದ ಒಂದು ಡಾಲರ್ ನಾಣ್ಯದ ಮೇಲಿದೆ.

ತಪ್ಪು ಕಲ್ಪನೆ: ಜನಪದ ಕಲೆಗೆ ಒಡೆಯರಿಲ್ಲ, ಯಾರು ಬೇಕಾದರೂ ಕೆತ್ತಬಹುದು.
ಸತ್ಯ: ಮಲಂಗನ್ ವಿನ್ಯಾಸಗಳ ಹಕ್ಕು ಕೈಯಿಂದ ಕೈಗೆ ವಿಧಿವತ್ತಾಗಿ ದಾಟುತ್ತದೆ. ವನುವಾಟುವಿನ ಅಂಬ್ರಿಮ್ ದ್ವೀಪದಲ್ಲಿ ದೊಡ್ಡ ಜರೀಗಿಡದ ಕಾಂಡದಿಂದ ಮಾಡುವ ಮೂರ್ತಿ ಸಮಾಜದಲ್ಲಿ ಪಡೆದ ಪದವಿಯ ಗುರುತು. ಅದನ್ನು ಮಾಡಿಸುವ ಹಕ್ಕನ್ನು ಹಂದಿಗಳನ್ನು ತೆತ್ತು ಗಳಿಸಬೇಕು.

ತಪ್ಪು ಕಲ್ಪನೆ: ಮಾರಾಟಕ್ಕೆಂದೇ ಕೆತ್ತಿದ್ದು ನಕಲಿ.
ಸತ್ಯ: ಟ್ರೋಬ್ರಿಯಾಂಡ್ ದ್ವೀಪಗಳಲ್ಲೂ ಸೆಪಿಕ್ ನದಿಯ ದಡದಲ್ಲೂ ಶಿಲ್ಪಿಗಳು ಮಾರಾಟಕ್ಕೆಂದು ಕೆತ್ತುತ್ತಾರೆ. ಅದು ಅವರ ಕಸುಬು, ಅವರ ಅನ್ನ. ಹೊಸದಕ್ಕೆ ಹೊಗೆ ಹಿಡಿಸಿ ಹಳೆಯದೆಂದು ಮಾರಿದಾಗ ಮಾತ್ರ ಅದು ಮೋಸ.

ತಪ್ಪು ಕಲ್ಪನೆ: ದುಡ್ಡು ಕೊಟ್ಟರೆ ಮನೆಗೆ ತರಬಹುದು.
ಸತ್ಯ: ಪಪುವಾ ನ್ಯೂಗಿನಿಯಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತನ್ನು ಕಾಯಲು 1965ರಿಂದಲೇ ಕಾನೂನಿದೆ. ಅಂಥ ವಸ್ತುವನ್ನು ಅನುಮತಿಯಿಲ್ಲದೆ ಹೊರಗೆ ಒಯ್ಯುವುದು ಅಪರಾಧ. ಮೂರ್ತಿಗೆ ಕಡಲಾಮೆಯ ಚಿಪ್ಪು ಸೇರಿದ್ದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ನಿಯಮಗಳೂ ಅಡ್ಡಬರುತ್ತವೆ.

ಆದ್ದರಿಂದ ಬೆಲೆ ವಿಚಾರಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಇದು ಯಾವ ಊರಿನದು? ಯಾವ ಸಂದರ್ಭಕ್ಕೆ ಕೆತ್ತಿದ್ದು? ಕೊಡುವ ಹಕ್ಕು ಯಾರಿಗಿತ್ತು? ಉತ್ತರ ಸಿಗದಿದ್ದರೆ ಮೂರ್ತಿಯನ್ನು ಇದ್ದಲ್ಲೇ ಬಿಟ್ಟು ಬನ್ನಿ.