ಬೀರುವಿನ ಹಿಂದಿನ ಕಿಟಕಿ

ಒಂದನೇ ಕ್ಲಾಸಿನ ಮಗು ಲೆಕ್ಕದ ನೋಟ್‌ಬುಕ್ ಹಿಡಿದು ಮೇಜಿನ ಹತ್ತಿರ ಬರುತ್ತದೆ. ಟೀಚರ್ ಕೂತಿದ್ದಾರೆ, ಮಗು ನಿಂತಿದೆ. ಇಬ್ಬರ ಮುಖವೂ ಒಂದೇ ಮಟ್ಟಕ್ಕೆ, ಗೇಣು ದೂರಕ್ಕೆ. “ಮಿಸ್, ಸರಿ ಇದ್ಯಾ?” ಎನ್ನುವಷ್ಟರಲ್ಲಿ ಒಂದು ಸೀನು. ಹಿಂದೆ ಇನ್ನೂ ಮೂವತ್ತು ಮಕ್ಕಳ ಸಾಲು. ಕೆಲಸಕ್ಕೆ ಸೇರಿದ ಮೊದಲ ವರ್ಷ ನೆಗಡಿ ಬಿಡಲೇ ಇಲ್ಲ ಎಂದು ಹೊಸ ಶಿಕ್ಷಕಿಯರು ಗೊಣಗುವುದು ಸುಮ್ಮನೆ ಅಲ್ಲ.

ಶಾಲೆ, ಸೋಂಕು ಎಂದೊಡನೆ ನಮಗೆ ನೆನಪಾಗುವುದು ಮಕ್ಕಳು. ಪಾಠ ಮಾಡುವವರು, ಬಿಸಿಯೂಟ ಬಡಿಸುವವರು, ಪುಟ್ಟ ಮಕ್ಕಳ ಮೂಗು ಒರೆಸುವ ಆಯಾ ನೆನಪಾಗುವುದು ಆಮೇಲೆ, ನೆನಪಾದರೆ. ಹುಷಾರಿಲ್ಲದ ಮಗುವನ್ನು ಮನೆಗೆ ಕಳಿಸಿದರೆ ಆಯಿತಲ್ಲ ಎನ್ನಬಹುದು. ಆದರೆ ದಡಾರ ಮೈಮೇಲೆ ಕೆಂಪು ದದ್ದು ಏಳುವ 4 ದಿನ ಮೊದಲೇ ಹರಡತೊಡಗುತ್ತದೆ. ಸೀತಾಳೆ ಸಿಡುಬು ಒಂದೆರಡು ದಿನ ಮೊದಲು. “ಅಮ್ಮ ಆಗಿದೆ” ಎಂದು ಮನೆಯಿಂದ ರಜಾ ಚೀಟಿ ಬರುವ ಹೊತ್ತಿಗೆ ವೈರಸ್ ತರಗತಿಯಲ್ಲಿ ಹಾಜರಿ ಹಾಕಿ ಹೋಗಿರುತ್ತದೆ.

ಅದು ಹೇಗೆ ಓಡಾಡುತ್ತದೆ ಎಂಬುದಕ್ಕೆ 1974ರ ಒಂದು ಪ್ರಸಂಗವಿದೆ. ಅಮೆರಿಕದ ರೋಚೆಸ್ಟರ್ ನಗರದ ಹೊರವಲಯದ ಪ್ರಾಥಮಿಕ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳಿಗೆ ದಡಾರ ಬಂತು. ಅವಳಿಂದ 28 ಮಕ್ಕಳಿಗೆ ತಗುಲಿತು. ಸೋಜಿಗವೆಂದರೆ ಆ 28 ಮಕ್ಕಳು ಹಂಚಿಹೋಗಿದ್ದದ್ದು 14 ಕೊಠಡಿಗಳಲ್ಲಿ. ಹೆಚ್ಚಿನವರು ಅವಳ ಜೊತೆ ಒಂದೇ ಕೊಠಡಿಯಲ್ಲಿ ಕೂತವರೇ ಅಲ್ಲ. ಕಟ್ಟಡದ ಯಂತ್ರಗಳು ಒಳಗಿನ ಗಾಳಿಯನ್ನೇ ತಿರುಗಿಸಿ ಎಲ್ಲ ಕೊಠಡಿಗಳಿಗೂ ಊದುತ್ತಿದ್ದವು. ಸಂಶೋಧಕ ರೈಲಿ ಮತ್ತು ಸಂಗಡಿಗರು ಈ ಹರಡುವಿಕೆಯ ಲೆಕ್ಕ ಬಿಡಿಸಿ 1978ರಲ್ಲಿ ಪ್ರಕಟಿಸಿದರು. ಎಷ್ಟು ಹೊಸ ಗಾಳಿ ಬಂದರೆ ಎಷ್ಟು ಜನ ಉಳಿಯುತ್ತಾರೆ ಎಂದು ಅಂದಾಜಿಸಲು ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಬಿಸಿಯೂಟದ ಕೋಣೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ಮೂರನೇ ಕೊಠಡಿಯ ಮೇಷ್ಟ್ರು ಕೆಮ್ಮುತ್ತಾರಲ್ಲ, ಹಾಗೆಯೇ ಇದು. ಘಾಟು ಗೊತ್ತಾಗುತ್ತದೆ, ವೈರಸ್ ಗೊತ್ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ರೋಗಿ ಎದ್ದುಹೋದ ಮೇಲೂ ದಡಾರದ ವೈರಸ್ 2 ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು.

ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುವುದು ಕಣ್ಣಿಗೆ ಕಾಣುವ ಕೆಲಸ, ಆದ್ದರಿಂದ ನಡೆಯುತ್ತದೆ. ಭೇದಿಗೆ, ‘ಮದ್ರಾಸ್ ಐ’ಗೆ ಸೋಪು, ನೀರು ಬೇಕೇ ಬೇಕು. ಉಸಿರಿನ ರೋಗಗಳಿಗೆ ಬೇಕಾದದ್ದು ಎದುರುಬದುರು ತೆರೆದ ಎರಡು ಕಿಟಕಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಪಾಲಿಗೆ ಸುಮಾರು 420 ಇರುತ್ತದೆ. ಮಳೆಗಾಲದಲ್ಲಿ ಕಿಟಕಿ ಜಡಿದ, ಮಕ್ಕಳು ತುಂಬಿದ ಕೊಠಡಿಯಲ್ಲಿ ಅದು 2000 ದಾಟುವುದು ಸುಲಭ. ಹೆಚ್ಚಿದ ಅಷ್ಟೂ ಬೇರೆಯವರು ಬಿಟ್ಟ ಉಸಿರೇ.

ಇನ್ನು ರುಬೆಲ್ಲಾ. ಮಕ್ಕಳಿಗೆ ಇದು ಲೆಕ್ಕಕ್ಕಿಲ್ಲದ ಜ್ವರ, ಗರ್ಭಿಣಿಗೆ ಹಾಗಲ್ಲ. ಹುಟ್ಟುವಾಗಲೇ ಕಣ್ಣಿನ ಪೊರೆ ಇದ್ದ ಕೂಸುಗಳ ತಾಯಂದಿರಿಗೆ ಬಸುರಿನ ಆರಂಭದಲ್ಲಿ ರುಬೆಲ್ಲಾ ಬಂದಿತ್ತೆಂದು ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲೇ ಗುರುತಿಸಿದರು. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದದ್ದು 2017ರಲ್ಲಿ, 9 ತಿಂಗಳಿಂದ 15 ವರ್ಷದೊಳಗಿನವರಿಗೆ. ಅಂದು ಆ ವಯಸ್ಸು ದಾಟಿದ್ದ ಹುಡುಗಿಯರೇ ಇಂದು ನಲಿಕಲಿ ಕೊಠಡಿಯಲ್ಲಿ ನಿಂತಿರುವ ಟೀಚರುಗಳು. ಲಸಿಕೆ ಆಗಿದೆಯೇ ಎಂದು ಅವರನ್ನು ಕೇಳಿದ ಶಾಲೆಯನ್ನು ನಾನಂತೂ ಕಂಡಿಲ್ಲ. ಇದು ಜೀವಂತ ವೈರಸ್ಸಿನ ಲಸಿಕೆ, ಗರ್ಭಿಣಿಯರಿಗೆ ಕೊಡುವುದಿಲ್ಲ. ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಹಾಗಾಗಿ ವೈದ್ಯರನ್ನು ಕೇಳಬೇಕಾದದ್ದು ಬಸುರಾಗುವ ಮೊದಲೇ.

ಜ್ವರ ಬಂದ ಟೀಚರ್ ಮನೆಯಲ್ಲಿ ಉಳಿಯುವುದೂ ರಕ್ಷಣೆಯೇ, ಉಳಿದ ಸಿಬ್ಬಂದಿಗೆ. ಅತಿಥಿ ಶಿಕ್ಷಕಿಗೆ ಮಾತ್ರ ರಜೆ ಎಂದರೆ ಗೌರವಧನಕ್ಕೆ ಕತ್ತರಿ. ಮಾತ್ರೆ ನುಂಗಿ ಬರುತ್ತಾಳೆ. ಬಂದು ಕೂರುವುದು ಸ್ಟಾಫ್ ರೂಮಿನಲ್ಲಿ. ಬಹಳಷ್ಟು ಶಾಲೆಗಳಲ್ಲಿ ಅದೇ ಎಲ್ಲಕ್ಕಿಂತ ಇಕ್ಕಟ್ಟಾದ ಕೋಣೆ. ಡಬ್ಬಿ ಬಿಚ್ಚಿ, ಉಪ್ಪಿನಕಾಯಿ ಹಂಚಿಕೊಂಡು, ಎಲ್ಲರೂ ಒಟ್ಟಿಗೆ ಮಾತಾಡುವ ಜಾಗ. ಕಿಟಕಿ ಇರುತ್ತದೆ. ಅದಕ್ಕೆ ಅಡ್ಡವಾಗಿ ಹಳೆಯ ಉತ್ತರಪತ್ರಿಕೆ ತುಂಬಿದ ಕಬ್ಬಿಣದ ಬೀರು ನಿಂತಿರುತ್ತದೆ. ಅದನ್ನು ಪಕ್ಕಕ್ಕೆ ಸರಿಸಲು ನಾಲ್ಕು ಜನ ಸಾಕು.