ಓಲೆಯ ಚಿತ್ರಸಂಗ್ರಹಕ್ಕೆ ಪ್ರತಿಲೇಖನಗಳನ್ನು ಸೇರಿಸುವ ಕ್ರಮ

ತಾಳೆಗರಿಗಳ ಚಿತ್ರಗಳನ್ನು ಗಣಕಯಂತ್ರದಲ್ಲಿ ಕಾಪಿಡುವಾಗ ಗ್ರಂಥಕ್ಕೊಂದು ಫೋಲ್ಡರು, ಅದರೊಳಗೆ ಕಟ್ಟಿಗೊಂದು, ಅದರೊಳಗೆ ಗರಿಗೊಂದು ಎಂಬ ರಚನೆಯು ಅನುಕೂಲವಾದುದು. ಪ್ರತಿಲೇಖನ ಮಾಡುವ ಪಂಡಿತರ ಗಣಕದಲ್ಲಿಯೂ ಇದೇ ರಚನೆಯಿರುತ್ತದೆ; ಆದರೆ ಅಲ್ಲಿರುವುವು ಮೂಲಚಿತ್ರಗಳ ಹಗುರವಾದ ನಕಲುಗಳು ಮತ್ತು ಆಯಾ ಗರಿಯ ಪಾಠವನ್ನು ಬರೆದ ಕಡತಗಳು. ಪಾಠವು ಸಿದ್ಧವಾದ ಮೇಲೆ ಪಠ್ಯಕಡತಗಳು ಮಾತ್ರ ಭಂಡಾರದ ಸಂಗ್ರಹದಲ್ಲಿ ತಮ್ಮ ತಮ್ಮ ಗರಿಯ ಸ್ಥಾನವನ್ನು ಸೇರಬೇಕು. ಎಲ್ಲವನ್ನೂ ಒಟ್ಟಿಗೆ ನಕಲು ಮಾಡಿದರೆ, ಹೆಸರು ಒಂದೇ ಆಗಿರುವಲ್ಲಿ ಹಗುರವಾದ ಚಿತ್ರವು ಮೂಲಚಿತ್ರವನ್ನು ನುಂಗಿಬಿಡುತ್ತದೆ. ಗರಿಯು ಈ ನಡುವೆ ಶಿಥಿಲವಾಗಿದ್ದರೆ ಆ ನಷ್ಟವನ್ನು ತುಂಬಲಾಗದು.

ಈ ಕಾರ್ಯಕ್ಕೆ 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಹಾಗೂ ಪಾಲ್ ಮೆಕೆರಾಸ್ ಎಂಬವರು ಹೊರತಂದ ‘ಆರ್‌ಸಿಂಕ್’ ಎಂಬ ಆದೇಶವು ಯೋಗ್ಯವಾದುದು. (ಇಲ್ಲಿ ಹೇಳುವ ಆದೇಶಪದಗಳನ್ನು ರೋಮನ್ ಸಣ್ಣಕ್ಷರಗಳಲ್ಲಿ ಟೈಪು ಮಾಡತಕ್ಕದ್ದು.) ‘-ಎ’ ಎಂಬ ಸೂಚನೆಯಿಂದ ಅದು ಒಳಗಿನ ಫೋಲ್ಡರುಗಳನ್ನೆಲ್ಲ ಹೊಕ್ಕು, ಕಡತಗಳ ದಿನಾಂಕವನ್ನು ಕೆಡಿಸದೆ ನಕಲು ಮಾಡುತ್ತದೆ. ‘ಇನ್‌ಕ್ಲೂಡ್’ ಎಂಬುದರಿಂದ ಮೊದಲು ಎಲ್ಲ ಫೋಲ್ಡರುಗಳನ್ನೂ, ಬಳಿಕ ಪಠ್ಯಕಡತಗಳನ್ನೂ ಗ್ರಹಿಸಿ, ಕೊನೆಗೆ ‘ಎಕ್ಸ್‌ಕ್ಲೂಡ್’ ಎಂಬುದರಿಂದ ಉಳಿದುದನ್ನು ವರ್ಜಿಸಬೇಕು. ವ್ಯಾಕರಣದಲ್ಲಿ ವಿಪ್ರತಿಷೇಧವುಂಟಾದಾಗ ಪರಸೂತ್ರಕ್ಕೆ ಬಲ. ಇಲ್ಲಿ ಮೊದಲು ಅನ್ವಯಿಸಿದ ನಿಯಮಕ್ಕೇ ಬಲ. ಆದುದರಿಂದ ವರ್ಜನವನ್ನು ಮೊದಲಿಟ್ಟರೆ ಒಂದು ಕಡತವೂ ಚಲಿಸದು.

ಮೂಲದ ಫೋಲ್ಡರಿನ ಹೆಸರಿನ ತುದಿಯಲ್ಲಿ ಓರೆಗೆರೆಯಿದ್ದರೆ ಅದರ ಒಳಗಿರುವುದಷ್ಟೇ ಹೋಗುತ್ತದೆ. ಇಲ್ಲದಿದ್ದರೆ ಫೋಲ್ಡರೇ ಹೋಗಿ, ‘ಧವಲಾ’ದೊಳಗೆ ಇನ್ನೊಂದು ‘ಧವಲಾ’ ಹುಟ್ಟುತ್ತದೆ. ಆದಕಾರಣ ಮೊದಲು ‘-ಎನ್’ ಎಂಬ ಸೂಚನೆಯನ್ನೂ ‘-ವಿ’ ಎಂಬುದನ್ನೂ ಸೇರಿಸಬೇಕು. ಆಗ ಏನನ್ನೂ ನಕಲು ಮಾಡದೆ, ನಕಲಾಗಲಿರುವ ಕಡತಗಳ ಪಟ್ಟಿ ಮಾತ್ರ ತೋರುತ್ತದೆ. ಪಟ್ಟಿಯನ್ನು ಓದದೆ ಮುಂದುವರಿಯುವುದು ಶೋಧಿಸದ ಕರಡನ್ನು ಅಚ್ಚಿಗೆ ಕಳುಹಿಸಿದಂತೆ.

ಇನ್ನು ಹೋಲಿಕೆಯ ವಿಷಯ. ಗಾತ್ರವೂ ದಿನಾಂಕವೂ ಒಂದೇ ಆಗಿದ್ದರೆ ಆರ್‌ಸಿಂಕ್ ಆ ಕಡತವನ್ನು ತೆರೆದು ನೋಡುವುದಿಲ್ಲ. ಬೇರೆ ಡಿಸ್ಕಿನಲ್ಲಿ ದಿನಾಂಕ ಹೊಂದಲಿಲ್ಲವೆಂದು ಗಾತ್ರವೊಂದನ್ನೇ ನೋಡಿಸುವವರೂ ಉಂಟು. ನನ್ನ ಮತದಲ್ಲಿ ಇದು ಪಾಠಸಂಶೋಧಕರಿಗೆ ಸಲ್ಲದು. ಯುಟಿಎಫ್-8 ಕ್ರಮದಲ್ಲಿ ‘ತ’ಕಾರಕ್ಕೂ ‘ದ’ಕಾರಕ್ಕೂ 3 ಬೈಟುಗಳೇ. ‘ಸಂಜತ’ ಎಂದಿದ್ದುದನ್ನು ‘ಸಂಜದ’ ಎಂದು ತಿದ್ದಿದರೂ ಗಾತ್ರವು ಬದಲಾಗದೆ, ತಿದ್ದುಪಡಿಯು ಭಂಡಾರವನ್ನು ಸೇರದೇ ಉಳಿಯುತ್ತದೆ. ಈ ಪದದ ಮಹತ್ತ್ವವು ವಾಚಕರಿಗೆ ವಿದಿತವೇ. ಧವಲಾ ಗ್ರಂಥದ ಮೊದಲ ಸಂಪುಟವು 1939ರಲ್ಲಿ ಅಚ್ಚಾದಾಗ ಆಧಾರವಾಗಿದ್ದ ಪ್ರತಿಗಳಲ್ಲಿ ಸತ್ಪ್ರರೂಪಣೆಯ 93ನೆಯ ಸೂತ್ರದೊಳಗೆ ‘ಸಂಜದ’ ಎಂಬುದು ಇರಲಿಲ್ಲ. ಮುಂದೆ ಮೂಡುಬಿದಿರೆಯ ತಾಳೆಗರಿಗಳಲ್ಲಿ ದೊರೆಯಿತು. ಗರಿಯ ಸಂಖ್ಯೆ ಒಂದೇ ಆದ ಮಾತ್ರಕ್ಕೆ ಪಾಠವೂ ಒಂದೇ ಎಂದು ನಂಬುವಂತಿಲ್ಲ. ‘-ಸಿ’ ಎಂಬ ಸೂಚನೆಯಿತ್ತರೆ ಎರಡೂ ಕಡೆಯ ಕಡತಗಳ ಒಳಗನ್ನೇ ಲೆಕ್ಕಹಾಕಿ ಹೋಲಿಸುತ್ತದೆ. ತಡವಾಗುವುದು ನಿಜ, ರಾತ್ರಿ ಹಚ್ಚಿಟ್ಟು ಹೋಗಬಹುದು.

ಭಂಡಾರದ ಪ್ರತಿಯನ್ನು ಬೇರೊಬ್ಬರು ಆಮೇಲೆ ತಿದ್ದಿದ್ದರೆ ನಮ್ಮ ಹಳೆಯ ಪಾಠವು ಅದರ ಮೇಲೆ ಕೂರುತ್ತದೆ. ‘-ಯು’ ಎಂಬುದು ಅಲ್ಲಿನ ಹೊಸತನ್ನು ಮುಟ್ಟದೆ ಬಿಡುತ್ತದೆ. ‘-ಬಿ’ ಎಂಬುದು ತೆಗೆದುಹಾಕುವ ಪ್ರತಿಯನ್ನು ಬೇರೆ ಹೆಸರಿನಿಂದ ಉಳಿಸುತ್ತದೆ. ಪಾಠಾಂತರಗಳನ್ನು ಬಯಸುವವರು ಎರಡನ್ನೂ ಬಳಸುವುದು ಲೇಸು. ‘ಡಿಲೀಟ್’ ಎಂಬುದನ್ನು ಮಾತ್ರ ಭಂಡಾರದ ಸಂಗ್ರಹದತ್ತ ಪ್ರಯೋಗಿಸತಕ್ಕದ್ದಲ್ಲ: ಅದು ಮೂಲದಲ್ಲಿಲ್ಲದ ಕಡತಗಳನ್ನು ಗಮ್ಯದಲ್ಲಿ ಅಳಿಸುತ್ತದೆ. ವಿಂಡೋಸಿನ ರೋಬೊಕಾಪಿಯಲ್ಲಿ ‘ಎಂಐಆರ್’ ಎಂಬ ಸೂಚನೆಯದೂ ಇದೇ ಕೆಲಸ.