ಮೀನಿನ ತೊಟ್ಟಿಯ ಪಾಚಿಗೆ ಮದ್ದು ಹಾಕುವ ಮೊದಲು

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರು ವೈದ್ಯರನ್ನೂ ಬಿಡುವುದಿಲ್ಲ. ಕೆಮ್ಮಿಗೆ ಔಷಧ ಬರೆಸಿಕೊಂಡು ಏಳುವಾಗ, "ಡಾಕ್ಟ್ರೇ, ತೊಟ್ಟಿಯಲ್ಲಿ ಹಸಿರು ಪಾಚಿ ಹಿಡಿಯುತ್ತದೆ, ಏನಾದರೂ ಹಾಕಬಹುದಾ?" ಎಂದು ಕೇಳುತ್ತಾರೆ. ಬೇವಿನ ಕಷಾಯ, ಪಟಿಕ, ತೋಟಕ್ಕೆ ತಂದಿಟ್ಟ ಮೈಲುತುತ್ತ, ಹೀಗೆ ಮನೆಯಲ್ಲಿರುವ ಎಲ್ಲದರ ಹೆಸರೂ ಬರುತ್ತದೆ. ಏನನ್ನೂ ಹಾಕಬೇಡಿ ಎಂಬುದೇ ನನ್ನ ಉತ್ತರ. ತೊಟ್ಟಿಯಲ್ಲಿ ಬೆಳಕು ಮತ್ತು ಆಹಾರ ಮಿತಿಮೀರಿದೆ ಎಂಬುದಕ್ಕೆ ಪಾಚಿ ಒಂದು ಗುರುತು. ಯುನಾನಿಯಲ್ಲಿ ಮದ್ದಿಗಿಂತ ಮೊದಲು 'ಸಬಬ್', ಅಂದರೆ ಕಾರಣವನ್ನು ಹುಡುಕು ಎನ್ನುತ್ತಾರೆ. ಪಾಚಿಯ ವಿಷಯದಲ್ಲಂತೂ ಕಾರಣ ಕಣ್ಣೆದುರೇ ಇರುತ್ತದೆ.

ಮೊದಲು ಆಹಾರದ ಮಾತು. ಮೀನು ತಿಂದ ಆಹಾರದ ಸಾರಜನಕದಲ್ಲಿ ಹೆಚ್ಚಿನ ಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಕಾಳು, ಹಿಕ್ಕೆ, ಸತ್ತ ಎಲೆ ಕೊಳೆತಾಗಲೂ ಅದೇ. ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಮೀನಿಗೆ ಅಮೋನಿಯಾ ವಿಷ, ನೈಟ್ರೇಟ್ ಅಷ್ಟಿಲ್ಲ. ಆದರೆ ಪಾಚಿಗೆ ನೈಟ್ರೇಟ್ ಗೊಬ್ಬರ. ಮೀನಿನ ಆಹಾರದಲ್ಲಿರುವ ಫಾಸ್ಫೇಟ್ ಕೂಡ ಗೊಬ್ಬರವೇ.

ಮನೆಗಳಲ್ಲಿ ಆಗುವುದೇನೆಂದರೆ, ಮೀನು ಗಾಜಿನ ಬಳಿ ಬಂದು ಬಾಯಿ ತೆರೆದರೆ ಅಜ್ಜಿಗೆ ಪಾಪ ಅನ್ನಿಸುತ್ತದೆ, ಒಂದು ಚಿಟಿಕೆ. ಶಾಲೆಯಿಂದ ಬಂದ ಮಗು ಒಂದು ಚಿಟಿಕೆ. ಬೆಳಿಗ್ಗೆ ಅಪ್ಪ ಆಗಲೇ ಹಾಕಿರುತ್ತಾರೆ. ಮನುಷ್ಯರು ಕಂಡಾಗಲೆಲ್ಲ ಬಾಯಿ ತೆರೆಯುವುದು ಮೀನಿನ ಅಭ್ಯಾಸ, ಹಸಿವಲ್ಲ. ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಸಾಕು. ದೊಡ್ಡ ಮೀನುಗಳಿಗೆ ವಾರದಲ್ಲಿ ಒಂದು ದಿನ ಏನೂ ಕೊಡದಿದ್ದರೂ ತೊಂದರೆಯಿಲ್ಲ. ಆಹಾರದ ಡಬ್ಬಿಯನ್ನು ಒಬ್ಬರ ಸುಪರ್ದಿಗೆ ಕೊಟ್ಟುಬಿಡಿ. ಮನೆಯಲ್ಲಿ ಸ್ವಲ್ಪ ಜಗಳವಾದೀತು, ಆದರೆ ಪಾಚಿ ಅರ್ಧ ಕಡಿಮೆಯಾಗುವುದು ಇಲ್ಲಿಯೇ. ಗೋಲ್ಡ್‌ಫಿಶ್ ಸಾಕುವವರು ಇನ್ನೂ ಎಚ್ಚರ ವಹಿಸಬೇಕು. ಅದು ಬಹಳ ಗಲೀಜು ಮಾಡುವ ಮೀನು. ಸಣ್ಣ ಗಾಜಿನ ಬಟ್ಟಲಲ್ಲಿ ಎರಡು ಗೋಲ್ಡ್‌ಫಿಶ್ ಇಟ್ಟರೆ ನೀರು ಹಸಿರಾಗದೆ ಇರಲು ಸಾಧ್ಯವಿಲ್ಲ.

ಇನ್ನು ಬೆಳಕು. ಕಿಟಕಿಯ ಬಿಸಿಲು ನೇರವಾಗಿ ಬೀಳುವಲ್ಲಿ ತೊಟ್ಟಿ ಇಡಬಾರದು. ಬಲ್ಬನ್ನು ದಿನಕ್ಕೆ ಆರರಿಂದ ಎಂಟು ಗಂಟೆ ಉರಿಸಿದರೆ ಸಾಕು. ನೆಂಟರು ಬರುತ್ತಾರೆಂದು ಮಧ್ಯರಾತ್ರಿವರೆಗೆ ಉರಿಸುವುದು ಬೇಡ, ಮೀನಿಗೂ ಕತ್ತಲು ಬೇಕು. ನೀರೇ ಹಸಿರಾಗಿ ಮೀನು ಕಾಣದಂತಾಗಿದ್ದರೆ ಬಲ್ಬು ಆರಿಸಿ, ಮೂರು ನಾಲ್ಕು ದಿನ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿಡಿ. ಏರ್ ಪಂಪ್ ಮಾತ್ರ ನಿಲ್ಲಿಸಬೇಡಿ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಆಮೇಲೆ ಸ್ವಲ್ಪ ನೀರು ಬದಲಿಸಿ.

ನೀವು ತುಂಬುವ ನೀರಿನಲ್ಲೇ ಗೊಬ್ಬರ ಇರಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಹೊಲಗಳ ನಡುವಿನ, ಶೌಚಗುಂಡಿಗಳ ಹತ್ತಿರದ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಸೇರಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚಿರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಏನು ಮಾಡಿದರೂ ಪಾಚಿ ಹೋಗದಿದ್ದರೆ ಆ ನೀರನ್ನು ಪರೀಕ್ಷೆಗೆ ಕೊಡಿ. ಮೀನಿಗಿಂತ ಹೆಚ್ಚಾಗಿ, ಅದೇ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸುವ ಮನೆಗಳಿಗಾಗಿ ಈ ಮಾತು. ನೈಟ್ರೇಟ್ ಹೆಚ್ಚಾದ ನೀರು ಶಿಶುವಿನ ರಕ್ತ ಆಮ್ಲಜನಕ ಒಯ್ಯುವುದನ್ನೇ ತಡೆಯಬಲ್ಲದು. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ.

ಶುಚಿ ಮಾಡುವ ದಿನದ ದೃಶ್ಯ ನಿಮಗೂ ಗೊತ್ತು. ಮೀನುಗಳನ್ನು ಬಕೆಟಿಗೆ ಹಾಕಿ, ತೊಟ್ಟಿ ಪೂರ್ತಿ ಖಾಲಿ ಮಾಡಿ, ಸಾಬೂನು ಹಾಕಿ ಉಜ್ಜಿ, ಮರಳನ್ನು ನಲ್ಲಿ ನೀರಿನಲ್ಲಿ ತೊಳೆದು, ಹೊಸ ನೀರು ತುಂಬುತ್ತಾರೆ. ಎರಡು ದಿನದಲ್ಲಿ ಮೀನು ಸಾಯುತ್ತದೆ, ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ದೂರುತ್ತಾರೆ. ಅಮೋನಿಯಾವನ್ನು ಕರಗಿಸುತ್ತಿದ್ದ ಬ್ಯಾಕ್ಟೀರಿಯಾಗಳು ಆ ತೊಳೆತದಲ್ಲೇ ಹೋಗಿರುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಅಷ್ಟೇ ಹೊಸ ನೀರು ಹಾಕಿ. ಕ್ಲೋರಿನ್ ಬೆರೆತ ನಲ್ಲಿ ನೀರಾದರೆ ಒಂದು ದಿನ ತೆರೆದ ಬಕೆಟಿನಲ್ಲಿ ಇಟ್ಟಿರಿ. ಗಾಜಿನ ಪಾಚಿಯನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದರೆ ಬರುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ಸಾಬೂನು ತಾಗಿಸಬೇಡಿ.

ಹೊಸ ತೊಟ್ಟಿಯಲ್ಲಿ ಬರುವ ಕಂದು ಪುಡಿಯಂಥ ಪಾಚಿ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ.

ಮೈಲುತುತ್ತದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಅದು ತಾಮ್ರದ ಲವಣ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದೂ ಅದೇ. ಪಾಚಿಯನ್ನು ಕೊಲ್ಲುತ್ತದೆ ಎಂಬುದು ನಿಜ. ಆದರೆ ಬಸವನಹುಳು, ಸೀಗಡಿಗಳು ಅತಿ ಕಡಿಮೆ ಪ್ರಮಾಣದಲ್ಲೇ ಸಾಯುತ್ತವೆ. ಮಲೆನಾಡು, ಕರಾವಳಿಯ ಮೆದು ನೀರಿನಲ್ಲಿ ಮೀನಿಗೂ ಅದರ ವಿಷ ಹೆಚ್ಚು ತಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಪಾಚಿನಾಶಕಗಳಲ್ಲೂ ತಾಮ್ರವೇ ಇರುತ್ತದೆ, ಚೀಟಿ ಓದಿ. ನೀಲಿ ಹಸಿರು ಲೋಳೆಗೆ ಆಂಟಿಬಯೋಟಿಕ್ ಮಾತ್ರೆ ಹಾಕುವವರೂ ಇದ್ದಾರೆ. ಆ ಲೋಳೆ ಬ್ಯಾಕ್ಟೀರಿಯಾ ಜಾತಿಯದ್ದೇ, ಆದ್ದರಿಂದ ಮಾತ್ರೆಗೆ ಸಾಯುತ್ತದೆ. ಆದರೆ ಮನುಷ್ಯನ ಔಷಧವನ್ನು ನೀರಿಗೆ ಸುರಿದು, ಆ ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಮನೆಯಲ್ಲಿ ಬೆಳೆಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ಲೋಳೆಯನ್ನು ಪೈಪಿನಿಂದ ಹೀರಿ ತೆಗೆಯಬಹುದು. ಪೈಪಿಗೆ ಬಾಯಿ ಇಡದೆ, ನೀರು ತುಂಬಿ ಬೆರಳಿನಿಂದ ಮುಚ್ಚಿ ಇಳಿಸಿ.

ಪಾಚಿ ತಿನ್ನುವ ಜೀವಿಗಳನ್ನು ಬಿಡುವ ಉಪಾಯ ಹಳೆಯದು. ಲಂಡನ್ನಿನ ಔಷಧ ತಯಾರಕರ ಸಂಘದಲ್ಲಿ ರಸಾಯನತಜ್ಞರಾಗಿದ್ದ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಎರಡು ಗೋಲ್ಡ್‌ಫಿಶ್‌ಗಳನ್ನು ನೀರುಗಿಡದೊಂದಿಗೆ ಇಟ್ಟು ನೋಡಿದರು. ಎಲೆಗಳು ಕೊಳೆತು ಲೋಳೆ, ಹಸಿರು ಹಿಡಿಯತೊಡಗಿದಾಗ ಕೊಳದ ಬಸವನಹುಳುಗಳನ್ನು ಬಿಟ್ಟರು, ನೀರು ತಿಳಿಯಾಯಿತು. ಗಿಡ ಮತ್ತು ಹುಳು ಎರಡೂ ಇರಲಿ ಎಂದು ನಾನೂ ಹೇಳುತ್ತೇನೆ. ಗಿಡ ಪಾಚಿಯ ಗೊಬ್ಬರವನ್ನೇ ಕಸಿಯುತ್ತದೆ. ಆದರೆ ಅಂಗಡಿಯವರು ಕೊಡುವ ಬೆರಳುದ್ದದ ಸಕ್ಕರ್ ಮೀನು ಬೇಡ. ಅದು ಒಂದು ಅಡಿ ಮೀರಿ ಬೆಳೆಯುತ್ತದೆ. ಆಗ ಜನ ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ನಮ್ಮ ಮೀನುಗಳಿಗೆ ಕಂಟಕವಾಗುತ್ತದೆ.

ಈಗ ಕೈಯ ವಿಷಯ. ತೊಟ್ಟಿಯ ನೀರಿನಲ್ಲಿ, ಪಾಚಿಯ ಪದರದಲ್ಲಿ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ರೋಗಾಣು ಇರಬಹುದು. ಕ್ಷಯದ ಕುಟುಂಬದ್ದು. 1926ರಲ್ಲಿ ಫಿಲಡೆಲ್ಫಿಯಾದ ಅಕ್ವೇರಿಯಂ ಮೀನುಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಬೆರಳಿನ ಸಣ್ಣ ಗೀರಿನ ಮೂಲಕ ಒಳಹೊಕ್ಕು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಕೆಂಪು ಗಂಟಾಗುತ್ತದೆ. ನೋವು ಕಡಿಮೆ, ಆದ್ದರಿಂದ ಅಲಕ್ಷ್ಯ ಹೆಚ್ಚು. ಬರುಬರುತ್ತ ಗಂಟುಗಳು ಮುಂಗೈಯಿಂದ ಮೇಲಕ್ಕೆ ಸಾಲಾಗಿ ಏಳಬಹುದು. ಫಂಗಸ್ ಎಂದುಕೊಂಡು ಅಂಗಡಿಯ ಸ್ಟೆರಾಯ್ಡ್ ಮುಲಾಮು ಹಚ್ಚಿ ಹಚ್ಚಿ ಕೆಡಿಸಿಕೊಂಡು ಬರುತ್ತಾರೆ. ಇದಕ್ಕೆ ನಮ್ಮಲ್ಲಿ ಮರಹಮ್ ಇಲ್ಲ, ನಾನು ಚರ್ಮರೋಗ ತಜ್ಞರ ಬಳಿ ಕಳುಹಿಸುತ್ತೇನೆ. ತಿಂಗಳುಗಟ್ಟಲೆ ಆಂಟಿಬಯೋಟಿಕ್ ಬೇಕಾಗುತ್ತದೆ. ಮನೆಯಲ್ಲಿ ಮೀನಿನ ತೊಟ್ಟಿ ಇದೆ ಎಂದು ವೈದ್ಯರಿಗೆ ಮರೆಯದೆ ಹೇಳಿ. ಈ ರೋಗಾಣು 30 ಡಿಗ್ರಿ ಸುಮಾರಿನ ತಂಪಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಪ್ರಯೋಗಾಲಯಕ್ಕೆ ತಿಳಿಸದಿದ್ದರೆ ದೇಹದ ಶಾಖವಾದ 37 ಡಿಗ್ರಿಯಲ್ಲಿ ಇಟ್ಟು ನೋಡಿ, ಏನೂ ಇಲ್ಲವೆಂದು ವರದಿ ಕೊಡಬಹುದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಮನೆಯವರು ಹೆದರಬೇಕಿಲ್ಲ.

ಕೈಯಲ್ಲಿ ಗಾಯವಿದ್ದರೆ ತೊಟ್ಟಿಗೆ ಕೈ ಹಾಕಬೇಡಿ. ಸಕ್ಕರೆ ಕಾಯಿಲೆಯವರು ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಒಳ್ಳೆಯದು. ಉಳಿದವರು ಮೊಣಕೈವರೆಗಿನ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯಿರಿ. ತೊಟ್ಟಿಯ ಸಾಮಾನುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ತೆಗೆದ ನೀರನ್ನು ಮಲ್ಲಿಗೆ, ದಾಸವಾಳದ ಬುಡಕ್ಕೆ ಸುರಿಯಿರಿ, ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಸಿಗುತ್ತದೆ. ಮೀನು ಸತ್ತು ತೊಟ್ಟಿ ಖಾಲಿ ಉಳಿದರೆ ನೀರನ್ನು ಅಂದೇ ಚೆಲ್ಲಿ ಒಣಗಿಸಿಡಿ, ಮೀನಿಲ್ಲದ ತಿಳಿನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ.